ಎಕ್ಸ್‌ರೇ ಫಲಕದ ಮೇಲಿನ ಇರುವೆಗಳು

ಬಳ್ಳಾರಿಯಲ್ಲಿ ಕೈ ನೋಡಿ ಭವಿಷ್ಯ ಹೇಳುವವರಿಗೆ ಎಂದೂ ಕೊರತೆಯಿಲ್ಲ. ಬಸ್ ನಿಲ್ದಾಣದ ಹೊರಗೆ ಇಬ್ಬರು, ಕೋಟೆ ಗುಡ್ಡದ ದಾರಿಯಲ್ಲಿ ಒಬ್ಬರು, ಗಿಳಿ ಇಟ್ಟುಕೊಂಡವರು ಬೇರೆ. ಅವರೆಲ್ಲರ ಜೊತೆಗೆ ಆ ವರ್ಷ ಊರಿನ ಆಸ್ಪತ್ರೆಯೊಂದರ ಎಕ್ಸ್‌ರೇ ಕೋಣೆಗೂ ಕೈ ನೋಡುವ ಯಂತ್ರವೊಂದು ಬಂತು. ಅದು ಭವಿಷ್ಯವನ್ನು ಮಿಲಿಗ್ರಾಂ ಲೆಕ್ಕದಲ್ಲಿ ಹೇಳುತ್ತಿತ್ತು.

ಯಂತ್ರದ ಹೆಸರು ಕಣಿಕಾ. ಆಸ್ಪತ್ರೆಯವರು ಎರಡೇ ದಿನದಲ್ಲಿ ಅದನ್ನು ಕಣಿಕಮ್ಮ ಮಾಡಿಕೊಂಡರು. ಚರ್ಮ ಬಿಗಿದುಕೊಳ್ಳುವ ಒಂದು ಕಾಯಿಲೆಯಿದೆ. ಅದು ಬಂದವರಲ್ಲಿ ಕೆಲವರಿಗೆ ಬೆರಳ ಚರ್ಮದ ಅಡಿಯಲ್ಲಿ ಕ್ಯಾಲ್ಸಿಯಂ ಜೋಳದ ಕಾಳಿನ ಹಾಗೆ ಗಂಟು ಕಟ್ಟುತ್ತದೆ. ಮೂಳೆಯಲ್ಲಿರಬೇಕಾದದ್ದು ಚರ್ಮದಲ್ಲಿ ಬಿಡಾರ ಹೂಡಿದರೆ ಬೆರಳು ಮಡಚುವುದೂ ಕಷ್ಟ, ಮುಟ್ಟಿದರೆ ಜೀವ ಹೋಗುವ ನೋವು. ಹಿಂದೆಲ್ಲ ವೈದ್ಯರು ಬೆರಳು ಒತ್ತಿ ನೋಡಿ 'ಸ್ವಲ್ಪ ಹೆಚ್ಚಿದೆ', 'ಸ್ವಲ್ಪ ಕಡಿಮೆಯಾಗಿದೆ' ಎಂದು ಬರೆದು ಸುಮ್ಮನಾಗುತ್ತಿದ್ದರು. ಕಣಿಕಾ ಹಾಗಲ್ಲ. ಎರಡು ಕೋನದಿಂದ ತೆಗೆದ ಎಕ್ಸ್‌ರೇ ಚಿತ್ರಗಳನ್ನು ಜೋಡಿಸಿ, ಮೂಳೆಯನ್ನು ಬದಿಗಿಟ್ಟು, ಉಳಿದ ಬಿಳಿ ಚುಕ್ಕೆಗಳನ್ನು ಒಂದೂ ಬಿಡದೆ ಅಳೆದು, ಒಟ್ಟು ಇಷ್ಟು ಮಿಲಿಗ್ರಾಂ ಎಂದು ಅರ್ಧ ನಿಮಿಷದಲ್ಲಿ ಹೇಳುತ್ತಿತ್ತು. ನಲವತ್ತು ಸಾವಿರ ಕೈಗಳನ್ನು ನೋಡಿ ಕಲಿತ ಕೃತಕ ಬುದ್ಧಿ ಅದು. ಆ ಗಂಟುಗಳನ್ನು ಕರಗಿಸುವ ಹೊಸ ಚುಚ್ಚುಮದ್ದೊಂದನ್ನು ಏಳು ದೇಶಗಳಲ್ಲಿ ಪರೀಕ್ಷಿಸುತ್ತಿದ್ದರು. ಯಾರಿಗೆ ಮದ್ದು ಮುಂದುವರಿಯಬೇಕು, ಯಾರಿಗೆ ನಿಲ್ಲಬೇಕು ಎಂಬುದೆಲ್ಲ ಕಣಿಕಾ ಹೇಳಿದ ಅಂಕಿಯ ಮೇಲೆ ತೀರ್ಮಾನವಾಗುತ್ತಿತ್ತು.

ಆ ಕೋಣೆಯ ಒಡತಿ ರುದ್ರಾಂಬ. ಇಪ್ಪತ್ತೊಂಬತ್ತು ವರ್ಷದಿಂದ ಎಕ್ಸ್‌ರೇ ತೆಗೆಯುತ್ತಿರುವ ಹೆಂಗಸು. ತಾನು ತೆಗೆದ ಚಿತ್ರವನ್ನು ಇನ್ನೊಮ್ಮೆ ತೆಗೆಯಬೇಕಾಗಿ ಬರುವುದೆಂದರೆ ಅವಳಿಗೆ ಯಾರೋ ಕೆನ್ನೆಗೆ ಹೊಡೆದಂತೆ. ಕೈ ಇಡುವ ಕಪ್ಪು ಫಲಕವನ್ನು ದಿನಕ್ಕೆ ನಾಲ್ಕು ಸಲ ಒರೆಸುತ್ತಿದ್ದಳು. ರೋಗಿಗಳೆಲ್ಲ ಉಂಗುರ ತೆಗೆದು, ಸೋಪು ಹಾಕಿ ಕೈ ತೊಳೆದೇ ಒಳಗೆ ಬರಬೇಕು. ಜಿಲ್ಲಾಧಿಕಾರಿಯ ತಾಯಿಗೂ ಅದೇ ನಿಯಮವಾಗಿತ್ತು.

ಆ ಬುಧವಾರ ಫಲಕದ ಮೇಲೆ ಕೈ ಇಟ್ಟವಳು ದುರುಗಮ್ಮ. ವಯಸ್ಸು ನಲವತ್ತೆರಡು, ಕೆಲಸ ಜೀನ್ಸ್ ಹೊಲಿಯುವುದು. ಬಳ್ಳಾರಿಯ ಗಲ್ಲಿಗಳಲ್ಲಿ ಹೊಲಿದ ಪ್ಯಾಂಟು ಎಲ್ಲೆಲ್ಲಿಗೋ ಹೋಗುತ್ತದೆ. ಅದರಲ್ಲಿ ಜೇಬು ಕೂರಿಸುವುದು ದುರುಗಮ್ಮನ ಪಾಲು. ಆರು ತಿಂಗಳ ಹಿಂದೆ ಅವಳ ಎರಡೂ ಕೈಯ ಅಳತೆ ನಾನೂರ ಹನ್ನೆರಡು ಮಿಲಿಗ್ರಾಂ. ನಾಲ್ಕನೇ ತಿಂಗಳು ಐನೂರ ಮೂವತ್ತು. ಮೊದಲಿಗಿಂತ ಕಾಲು ಭಾಗ ಹೆಚ್ಚಾದದ್ದು ಎರಡು ಸಲ ಕಂಡರೆ ಮದ್ದು ನಿಲ್ಲಿಸಬೇಕೆಂಬುದು ಪರೀಕ್ಷೆಯ ನಿಯಮ. ಈ ಸಲ ಪರದೆಯ ಮೇಲೆ ಐನೂರ ಅರವತ್ತೊಂದು ಎಂದು ಮೂಡಿತು. ಅದರ ಕೆಳಗೆ ಕೆಂಪು ಪಟ್ಟಿ.

ಚರ್ಮದ ವೈದ್ಯ ಡಾಕ್ಟರ್ ಮೊಹ್ಸಿನ್ ಪರದೆ ನೋಡಿ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿ ಹೇಳಲು ಬಾರದವರು.

"ದುರುಗಮ್ಮ, ಈ ಇಂಜೆಕ್ಷನ್ ನಿಮಗೆ ಒಗ್ತಿಲ್ಲ ಅನ್ಸುತ್ತೆ. ಶುಕ್ರವಾರ ದೊಡ್ಡೋರ ಸಭೆ ಐತೆ. ಅಲ್ಲಿ ನಿಲ್ಲಿಸ್ತಾರೆ."

"ನಿಲ್ಸಬ್ಯಾಡ್ರಿ ಸಾರ್. ಈಗ ಬೆರಳು ಮಡಚಾಕ ಬರ್ತಾವೆ. ನೋಡ್ರಿ ಇಲ್ಲಿ." ದುರುಗಮ್ಮ ಮುಷ್ಟಿ ಕಟ್ಟಲು ಹೋದಳು. ಪೂರ್ತಿ ಆಗಲಿಲ್ಲ, ಮುಕ್ಕಾಲು ಆಯಿತು.

"ಅದು ನಿಮಗೆ ಹಾಗೆ ಅನ್ಸೋದು. ಯಂತ್ರ ಹೆಚ್ಚಾಗಿದೆ ಅಂತಿದೆ."

"ಬೆರಳು ನಂದಲ್ರಿ?" ಎಂದಳು ದುರುಗಮ್ಮ, ಮೆಲ್ಲಗೆ.

ಬಾಗಿಲ ಬಳಿ ನಿಂತಿದ್ದ ರುದ್ರಾಂಬ ಆ ಮುಷ್ಟಿಯನ್ನು ಸರಿಯಾಗಿ ನೋಡಿದ್ದಳು. ಆರು ತಿಂಗಳ ಹಿಂದೆ ಇದೇ ಹೆಂಗಸು ಫಲಕದ ಮೇಲೆ ಬೆರಳು ಚಾಚಲಾರದೆ ಕಣ್ಣೀರು ಹಾಕಿದ್ದಳು. ಕೈ ಹೇಳುವುದೇ ಒಂದು, ಯಂತ್ರ ಹೇಳುವುದೇ ಇನ್ನೊಂದು.

ಸಂಜೆ ಮೈಸೂರಿನಿಂದ ಬಂದ ಪತ್ರ ಅವಳ ಮೈಗೆ ಬೆಂಕಿ ಹಚ್ಚಿತು. ಕಣಿಕಾವನ್ನು ಕಟ್ಟಿದ ತಂಡ ಅಲ್ಲಿಯದು. ತಂಡದ ಮುಖ್ಯಸ್ಥೆ ಡಾಕ್ಟರ್ ಅನಘಾ ಬಹಳ ವಿನಯದಿಂದಲೇ ಬರೆದಿದ್ದರು: ನಿಮ್ಮ ಕೇಂದ್ರದ ಹನ್ನೊಂದು ರೋಗಿಗಳಲ್ಲಿ ಐವರ ಅಂಕಿ ಏರಿದೆ, ಬೇರೆಲ್ಲೂ ಹೀಗಾಗಿಲ್ಲ, ಚಿತ್ರ ತೆಗೆಯುವ ಕ್ರಮದಲ್ಲಿ ದೋಷವಿದೆಯೇ ಎಂದು ದಯವಿಟ್ಟು ಪರಿಶೀಲಿಸಿ.

ಮನೆಗೆ ಹೋದವಳು ರೊಟ್ಟಿ ತಟ್ಟುವಾಗ ಸಿಟ್ಟನ್ನೆಲ್ಲ ಹಿಟ್ಟಿನ ಮೇಲೆ ತೀರಿಸಿಕೊಂಡಳು. ಗಂಡ ತೋರಣಗಲ್ಲಿನ ಕಾರ್ಖಾನೆಗೆ ಪಾಳಿಗೆ ಹೋಗಿದ್ದ. ಮನೆಯಲ್ಲಿ ಇದ್ದವರು ಎಂಬತ್ತರ ಅತ್ತೆ ಬಸಲಿಂಗಮ್ಮ ಮಾತ್ರ.

"ಯಾಕೆ ರೊಟ್ಟಿಗೆ ಹಂಗೆ ಬಡೀತಿ? ಅದೇನ್ ಮಾಡೈತೆ ನಿಂಗೆ?" ಎಂದರು ಅತ್ತೆ.

"ನಂಗೆ ಚಿತ್ರ ತೆಗಿಯಾಕ ಬರಲ್ಲಂತೆ ಅತ್ತೆ. ಮೈಸೂರಿನೋರು ಕೇಳ್ಯಾರೆ."

"ಬರಲ್ಲ ಅಂದೋರನ್ನ ಕರ್ಸಿ ಒಂದಿನ ನಿನ್ ಕೋಣೆಯಾಗ ನಿಲ್ಸು. ಬಿಸಿ ರೊಟ್ಟಿ ಇತ್ತ ಹಾಕು."

ಅತ್ತೆಯ ಮಾತಿನಿಂದ ಸಮಾಧಾನವೇನೋ ಆಯಿತು. ಆದರೆ ದುರುಗಮ್ಮನ ಮುಕ್ಕಾಲು ಮುಷ್ಟಿ ಮಾತ್ರ ಕಣ್ಣ ಮುಂದಿನಿಂದ ಹೋಗಲಿಲ್ಲ. ತಪ್ಪು ತನ್ನ ಕೋಣೆಯಲ್ಲಿದ್ದರೆ ಆ ಬೆರಳುಗಳು ತನ್ನಿಂದಲೇ ಹಾಳಾಗುತ್ತವಲ್ಲ ಎಂದು ರುದ್ರಾಂಬಳಿಗೆ ನಿಜವಾಗಿ ಭಯವಾಯಿತು.

ಬೆಳಗ್ಗೆ ಬೇಗನೆ ಹೋಗಿ ಕೋಣೆಯನ್ನು ಮೂಲೆಮೂಲೆ ತಡಕಿದಳು. ಕಿರಣ ಬಿಡುವ ಕೊಳವೆ ಸರಿ, ಅದಕ್ಕೂ ಫಲಕಕ್ಕೂ ಇರುವ ದೂರ ಸರಿ, ಕಿರಣದ ಅಳತೆ ಸರಿ. ಕೊನೆಗೆ ಫಲಕದ ಮೇಲಿನ ಹೊದಿಕೆ ತೆಗೆದರೆ ಅಲ್ಲಿ ಇರುವೆ. ಒಂದೆರಡಲ್ಲ, ಕಿಟಕಿಯಿಂದ ಮೇಜಿನ ಕಾಲಿಗೆ, ಕಾಲಿನಿಂದ ಫಲಕಕ್ಕೆ ಸಾಲುಗಟ್ಟಿ ಬಂದಿದ್ದವು. ಯಾರೋ ಇಲ್ಲಿ ಕೂತು ತಿಂಡಿ ತಿಂದಿದ್ದಾರೆ ಎಂದು ಅವಳ ಪಿತ್ತ ನೆತ್ತಿಗೇರಿತು. ಒರೆಸಲು ಬಟ್ಟೆ ಎತ್ತಿದವಳು ಹಾಗೆಯೇ ನಿಂತಳು. ಫಲಕದ ಮೇಲೆ ಎಡಗೈ, ಬಲಗೈ ಇಡಲು ಗುರುತು ಹಾಕಿರುತ್ತಾರೆ. ಇರುವೆಗಳು ಮುತ್ತಿದ್ದು ಎಲ್ಲೆಂದರಲ್ಲಿ ಅಲ್ಲ. ತೋರುಬೆರಳು, ನಡುಬೆರಳು, ಹೆಬ್ಬೆರಳು ಬರುವ ಜಾಗಕ್ಕೆ ಸರಿಯಾಗಿ. ನಿನ್ನೆ ಕೊನೆಗೆ ಕೈ ಇಟ್ಟವಳು ದುರುಗಮ್ಮ. ಅವಳು ಹೋದ ಮೇಲೆ ಪತ್ರದ ಸಿಟ್ಟಿನಲ್ಲಿ ರುದ್ರಾಂಬ ಫಲಕ ಒರೆಸುವುದನ್ನೇ ಮರೆತಿದ್ದಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ.

ಸೋಪು ಹಾಕಿ ತೊಳೆದ ಕೈಗೆ ಇರುವೆ ಯಾಕೆ ಬರಬೇಕು? ಅವಳು ಬಗ್ಗಿ ಫಲಕವನ್ನು ಮೂಸಿದಳು. ಬಹಳ ಸಣ್ಣಗೆ, ಇದ್ದೂ ಇಲ್ಲದ ಹಾಗೆ, ಬೆಲ್ಲದ ವಾಸನೆ.

ಮಧ್ಯಾಹ್ನ ಊಟ ಬಿಟ್ಟು ಆಟೋ ಹಿಡಿದು ದುರುಗಮ್ಮನ ಗಲ್ಲಿಗೆ ಹೋದಳು. ಎರಡೂ ಕಡೆ ಮನೆಗಳಲ್ಲಿ ಹೊಲಿಗೆ ಯಂತ್ರಗಳ ಸದ್ದು, ಕಟ್ಟೆಗಳ ಮೇಲೆ ನೀಲಿ ಪ್ಯಾಂಟಿನ ರಾಶಿ. ದುರುಗಮ್ಮ ಬಾಗಿಲಲ್ಲೇ ಕೂತು ಜೇಬು ಕತ್ತರಿಸುತ್ತಿದ್ದಳು. ಮೂರು ಬೆರಳಿಗೆ ಬಟ್ಟೆ ಸುತ್ತಿತ್ತು. ಪಕ್ಕದಲ್ಲಿ ಒಂದು ಸಣ್ಣ ಬಟ್ಟಲು, ಅದರಲ್ಲಿ ಕಂದು ಬಣ್ಣದ ಗಟ್ಟಿ ಲೇಪ.

"ಇದೇನು ದುರುಗಮ್ಮ?"

"ಸುಣ್ಣ ಬೆಲ್ಲ ಅಮ್ಮ. ನಿಮ್ ಮನ್ಯಾಗ ಹಚ್ಚಲ್ಲೇನು?"

ಹಚ್ಚದೆ ಏನು. ಉಳುಕಿದರೆ, ಬಾತರೆ, ಕುರು ಎದ್ದರೆ ಸುಣ್ಣ ಬೆಲ್ಲ ಕಲಸಿ ಮೆತ್ತುವುದು ಆ ಸೀಮೆಯ ಯಾವ ಮನೆಯಲ್ಲಿ ಇಲ್ಲ? ರುದ್ರಾಂಬಳ ಮೊಣಕಾಲಿಗೂ ಅತ್ತೆ ಎಷ್ಟು ಸಲ ಮೆತ್ತಿಲ್ಲ? ಅವಳು ಕಟ್ಟೆಯ ಮೇಲೆ ಕೂತು ಬಟ್ಟಲು ಎತ್ತಿ ಮೂಸಿದಳು. ಎಲೆಗೆ ಹಚ್ಚುವ ಸುಣ್ಣವೆಂದರೆ ಇನ್ನೇನು, ಅಪ್ಪಟ ಕ್ಯಾಲ್ಸಿಯಂ. ಎಕ್ಸ್‌ರೇಯಲ್ಲಿ ಬೆಳ್ಳಗೆ ಹೊಳೆಯುವಂಥದ್ದು.

"ಡಾಕ್ಟ್ರು ನಿಮ್ಮನ್ನ ಪ್ರತಿ ಸಲ ಕೇಳ್ತಾರಲ್ಲ, ಬೇರೆ ಔಷಧ ಏನಾದ್ರೂ ಹಚ್ತೀರಾ ಅಂತ?"

"ಕೇಳ್ತಾರೆ. ಇಲ್ಲ ಅಂತೀನಿ. ಇದು ಔಷಧ ಅಲ್ಲಲ್ರೀ, ಅಡಿಗಿ ಮನ್ಯಾಂದು."

"ಯಾವಾಗಿಂದ ಹಚ್ತಿದ್ದೀರಿ?"

"ಮೊದ್ಲು ಹಚ್ತಿರ್ಲಿಲ್ಲ. ಇಂಜೆಕ್ಷನ್ ಶುರುವಾಗಿ ಮೂರನೇ ತಿಂಗ್ಳು ಗಂಟು ಮೆತ್ತಗಾದ್ವು. ಮೆತ್ತಗಾಗ್ತಾ ಬಾತ್ಕಂಡು ರಾತ್ರಿಯೆಲ್ಲ ಸಿಡಿಯಾವು. ಸಹಿಸಾಕ ಆಗ್ಲಿಲ್ಲ, ಹಚ್ಕಂಡೆ. ಇಲ್ಲಿಂದ ನಿಮ್ಮಲ್ಲಿಗೆ ಬರಾ ಇನ್ನೂ ನಾಕು ಮಂದಿಗೂ ನಾನಾ ಹೇಳಿ ಕೊಟ್ಟೀನಿ." ದುರುಗಮ್ಮ ರುದ್ರಾಂಬಳ ಮುಖ ನೋಡಿ ಕತ್ತರಿ ಕೆಳಗಿಟ್ಟಳು. "ತಪ್ಪಾತೇನಮ್ಮ? ನನ್ನಿಂದ ಮದ್ದು ಹೋತಾ?"

ರುದ್ರಾಂಬಳ ತಲೆಯಲ್ಲಿ ಎಲ್ಲವೂ ಸರಸರ ಕೂಡಿಕೊಳ್ಳುತ್ತಿತ್ತು. ನಾಕು ಮಂದಿ ಮತ್ತು ದುರುಗಮ್ಮ, ಒಟ್ಟು ಐವರು. ಮದ್ದು ಗಂಟನ್ನು ಕರಗಿಸುತ್ತದೆ, ಕರಗುವಾಗ ಬಾವು ಬರುತ್ತದೆ, ಬಾವಿಗೆ ಇವರು ಸುಣ್ಣ ಬೆಲ್ಲ ಹಚ್ಚುತ್ತಾರೆ. ಬಿಗಿದು ಬಿರಿದ ಚರ್ಮದ ಸೀಳುಗಳಲ್ಲಿ ಅದು ಗಾರೆಯಂತೆ ಕೂರುತ್ತದೆ, ಸೋಪಿಗೆ ಜಗ್ಗುವುದಿಲ್ಲ. ಬೆರಳ ಚರ್ಮ ಎಷ್ಟು ತೆಳು ಎಂದರೆ ಎರಡು ಕೋನದ ಚಿತ್ರದಲ್ಲಿ ಮೇಲಿನದು ಯಾವುದು, ಒಳಗಿನದು ಯಾವುದು ತಿಳಿಯದು. ಕಣಿಕಾ ಕಲಿತ ನಲವತ್ತು ಸಾವಿರ ಕೈಗಳಲ್ಲಿ ಒಂದಕ್ಕೂ ಯಾರೂ ಸುಣ್ಣ ಬೆಲ್ಲ ಮೆತ್ತಿರಲಿಲ್ಲ. ಹಾಗಾಗಿ ಯಾರಿಗೆ ಮದ್ದು ಚೆನ್ನಾಗಿ ಹಿಡಿದಿದೆಯೋ ಅವರನ್ನೇ ಅದು ಹೊರಗೆ ಹಾಕಲು ಹೊರಟಿತ್ತು.

"ಏಳ್ರಿ ದುರುಗಮ್ಮ. ಮದ್ದು ಹೋಗಲ್ಲ. ಹೋಗಾಕೆ ನಾನು ಬಿಡಲ್ಲ. ಈ ಸುಣ್ಣ ತೆಗಿಬೇಕು, ಅಷ್ಟೇ."

ಅಷ್ಟೇ ಅಂದದ್ದು ಸುಲಭ, ಆದದ್ದು ಕಷ್ಟ. ಬಿಸಿನೀರು, ಸೋಪು, ಮೆತ್ತನೆಯ ಬ್ರಷ್ಷು ಎಲ್ಲ ಸೋತವು. ನಿಂಬೆಹುಳಿ ಹಾಕಿದರೆ ಬಿರುಕು ಬಿಟ್ಟ ಚರ್ಮ ಉರಿದು ಅವಳು ಕಿರುಚಿಯಾಳು. ರುದ್ರಾಂಬ ಅತ್ತೆಗೆ ಫೋನು ಮಾಡಿದಳು. ಅರವತ್ತು ವರ್ಷ ಎಲೆ ಅಡಿಕೆ ಹಾಕಿದವರಿಗಿಂತ ಸುಣ್ಣದ ಮರ್ಮ ಬಲ್ಲವರು ಯಾರು?

"ಮಜ್ಜಿಗಿ ಹಾಕು," ಎಂದರು ಬಸಲಿಂಗಮ್ಮ. "ಎಲ್ಡು ದಿನದ ಹುಳಿ ಮಜ್ಜಿಗಿ. ಬೆರಳು ಅದ್ದಿಸಿ ಕೂಡ್ಸು, ತಾನಾ ಬಿಟ್ಕಂತೈತೆ. ಉರಿಯಂಗಿಲ್ಲ. ಇಷ್ಟು ಗೊತ್ತಿಲ್ಲೇನು ನಿಮ್ ಆಸ್ಪತ್ರೆಯಾಗ?"

ಗುರುವಾರ ಸಂಜೆ ಎಕ್ಸ್‌ರೇ ಕೋಣೆಗೆ, ಅದು ಕಟ್ಟಿದಾಗಿನಿಂದ ಮೊದಲ ಬಾರಿ, ಒಂದು ತಂಬಿಗೆ ಹುಳಿ ಮಜ್ಜಿಗೆ ಬಂತು. ಡಾಕ್ಟರ್ ಮೊಹ್ಸಿನ್ ತಂಬಿಗೆಯನ್ನೂ ರುದ್ರಾಂಬಳನ್ನೂ ಬದಲಿಸಿ ಬದಲಿಸಿ ನೋಡಿದರು. ಅವಳು ಹೇಳಿದ್ದನ್ನೆಲ್ಲ ಕೇಳಿದ ಮೇಲೆ, "ಔಷಧ ಅಂತ ಕೇಳಿದೆ ನಾನು. ಆರು ತಿಂಗಳಿಂದ ತಪ್ಪು ಪ್ರಶ್ನೆ ಕೇಳಿದೀನಿ," ಎಂದರು. ಇನ್ನೊಮ್ಮೆ ಚಿತ್ರ ತೆಗೆಯಲು ಬರೆದುಕೊಟ್ಟರು.

ರುದ್ರಾಂಬ ಮೂರು ಕೆಲಸ ಮಾಡಿದಳು. ಮೊದಲು, ತೊಳೆಯುವ ಮುನ್ನ ಒಂದು ಚಿತ್ರ. ಆಮೇಲೆ ನಿಯಮದಲ್ಲಿ ಇಲ್ಲದ ಇನ್ನೊಂದು: ದುರುಗಮ್ಮನ ನಡುಬೆರಳನ್ನು ಅಂಚಿಗೆ ತಿರುಗಿಸಿ, ಚರ್ಮದ ಗೆರೆ ಪಕ್ಕದಿಂದ ಕಾಣುವಂತೆ ತೆಗೆದಳು. ಅದರಲ್ಲಿ ಬಿಳಿಯ ಒಂದು ಪದರ ಚರ್ಮದ ಗೆರೆಗಿಂತ ಆಚೆ, ಕಿಟಕಿಯ ಹೊರಗೆ ಕೂತ ಮಂಜಿನಂತೆ ತೆಳ್ಳಗೆ ಕಂಡಿತು. ಒಳಗಿನ ಕಾಯಿಲೆ ಚರ್ಮದ ಹೊರಗೆ ಬಂದು ಕೂರುವುದಿಲ್ಲ. ಕೊನೆಗೆ ಬೆರಳುಗಳನ್ನು ಮಜ್ಜಿಗೆಯಲ್ಲಿ ಅದ್ದಿಸಿ ಕಾಲು ಗಂಟೆ ಕೂರಿಸಿ, ತೊಳೆದು, ಎರಡೂ ಬಗೆಯ ಚಿತ್ರವನ್ನು ಮತ್ತೆ ತೆಗೆದಳು.

ಅರ್ಧ ನಿಮಿಷ ಕಳೆಯಿತು. ಪರದೆಯ ಮೇಲೆ ಅಂಕಿ ಮೂಡಿತು. ಇನ್ನೂರ ತೊಂಬತ್ತೊಂದು.

ಮೊಹ್ಸಿನ್ ಅದನ್ನು ಗಟ್ಟಿಯಾಗಿ ಓದಿದರು, ಮತ್ತೊಮ್ಮೆ ಓದಿದರು. ನಾನೂರ ಹನ್ನೆರಡರಿಂದ ಇನ್ನೂರ ತೊಂಬತ್ತೊಂದಕ್ಕೆ. ದುರುಗಮ್ಮನಿಗೆ ಅಂಕಿಗಿಂತ ಅವರ ಮುಖ ಬೇಗ ಅರ್ಥವಾಯಿತು. ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಅತ್ತಳು, ಮತ್ತು "ನಾ ಹೇಳ್ಲಿಲ್ಲೇನು ಸಾರ್, ಮಡಚಾಕ ಬರ್ತಾವೆ ಅಂತ," ಎಂದಳು.

ಶುಕ್ರವಾರದ ಸಭೆ ಪರದೆಯ ಮೇಲೆ ನಡೆಯಿತು. ಏಳು ದೇಶದವರು ಏಳು ಚೌಕಗಳಲ್ಲಿ, ಎಂಟನೆಯದರಲ್ಲಿ ಮೈಸೂರಿನ ಅನಘಾ. ವೈದ್ಯರೇ ಮಾತಾಡುವುದು ವಾಡಿಕೆ. ಆದರೆ ಮೊಹ್ಸಿನ್ ತಮ್ಮ ಕುರ್ಚಿಯಿಂದ ಎದ್ದು, "ಕಂಡುಹಿಡಿದೋರು ನೀವು, ನೀವೇ ಹೇಳಿ," ಎಂದು ರುದ್ರಾಂಬಳನ್ನು ಕೂರಿಸಿದರು. ಅವಳು ಕನ್ನಡದಲ್ಲಿ ಹೇಳಿದಳು, ಅನಘಾ ಇಂಗ್ಲಿಷಿಗೆ ಮಾಡಿದರು. ಇರುವೆಯ ವಿಷಯ ಬಂದಾಗ ಅನಘಾ ನಡುವೆ ನಿಲ್ಲಿಸಿ, "ಇರುವೆ ಅಂದಿರಾ?" ಎಂದು ಖಚಿತ ಮಾಡಿಕೊಂಡರು.

"ಹೌದು ಮೇಡಂ, ಇರುವೆ. ನಿಮ್ಮ ಯಂತ್ರಕ್ಕೆ ಕಾಣದ್ದು ಅವಕ್ಕೆ ವಾಸನೆಗೆ ಸಿಕ್ತು."

ದೂರದ ಚೌಕವೊಂದರಿಂದ ಪ್ರಶ್ನೆ ಬಂತು: ಮಜ್ಜಿಗೆಯೇ ಒಳಗಿನ ಕ್ಯಾಲ್ಸಿಯಂ ಕರಗಿಸಿರಬಾರದೇಕೆ? ರುದ್ರಾಂಬ ಪಕ್ಕದಿಂದ ತೆಗೆದ ಎರಡು ಚಿತ್ರಗಳನ್ನೂ ತೋರಿಸಿದಳು. ಚರ್ಮದ ಗೆರೆಯ ಆಚೆ ಇದ್ದದ್ದಷ್ಟೇ ಹೋಗಿದೆ, ಈಚೆಯ ಕಾಳುಗಳು ತೊಳೆಯುವ ಮುನ್ನ ಎಲ್ಲಿದ್ದವೋ ತೊಳೆದ ಮೇಲೂ ಅಲ್ಲೇ ಇವೆ ಎಂದು ಬೆರಳಿಟ್ಟು ಎಣಿಸಿದಳು. ಉಳಿದ ನಾಲ್ವರ ಕೈಯನ್ನೂ ತೊಳೆದು ಅಳೆಯಬೇಕು, ಐವರ ಮದ್ದೂ ಮುಂದುವರಿಯಲಿ ಎಂದು ಸಭೆ ಒಪ್ಪಿತು. ರೋಗಿಗಳು ಸುಳ್ಳು ಹೇಳಿದರೆಂದು ಬರೆಯಬೇಕೇ ಎಂದು ಒಬ್ಬರು ಕೇಳಿದಾಗ ರುದ್ರಾಂಬ, "ಬರೀಬೇಡಿ. ಅವರು ಕೇಳಿದ್ದಕ್ಕೆ ಸರಿಯಾಗೇ ಹೇಳ್ಯಾರೆ," ಎಂದಳು. ಮೈಸೂರಿನ ಚೌಕದಲ್ಲಿ ಅನಘಾ ತಲೆ ತಗ್ಗಿಸಿದರು. "ರುದ್ರಾಂಬ ಅವರೇ, ಬುಧವಾರದ ನನ್ನ ಪತ್ರವನ್ನು ವಾಪಸ್ ತಗೋತೀನಿ," ಎಂದು ಎಲ್ಲರ ಎದುರಿಗೇ ಹೇಳಿದರು. ರುದ್ರಾಂಬಳ ಎದೆ ಎಷ್ಟು ಉಬ್ಬಿತೆಂದರೆ ಅವಳಿಗೆ ನಾಚಿಕೆಯೇ ಆಯಿತು.

ಇಲ್ಲಿಗೆ ಮುಗಿಯಲಿಲ್ಲ. ಕಣಿಕಾಗೆ ಸುಣ್ಣದ ಪಾಠ ಹೇಳಬೇಕಿತ್ತು, ಅದಕ್ಕೆ ಕೈಗಳು ಬೇಕಿದ್ದವು: ಲೇಪ ಹಚ್ಚಿದ ಕೈ, ತೊಳೆದ ಕೈ, ಹೀಗೆ ಜೋಡಿ ಜೋಡಿಯಾಗಿ. ಒಂದು ಕೈಯ ಚಿತ್ರಕ್ಕೆ ತಗಲುವ ಕಿರಣ ಒಂದು ದಿನ ಸುಮ್ಮನೆ ಊರಲ್ಲಿ ಓಡಾಡಿದರೆ ಮೈಗೆ ತಗಲುವುದಕ್ಕಿಂತ ಹೆಚ್ಚಿಲ್ಲ. ಆದರೂ ನೈತಿಕ ಸಮಿತಿ ಒಪ್ಪಬೇಕು, ಜನ ಒಪ್ಪಬೇಕು. ಸಮಿತಿಯ ಒಪ್ಪಿಗೆಗೆ ಎರಡು ತಿಂಗಳು ಹಿಡಿಯಿತು. ಜನರನ್ನು ಒಪ್ಪಿಸಲು ದುರುಗಮ್ಮನಿಗೆ ಒಂದು ಮಧ್ಯಾಹ್ನ ಸಾಕಾಯಿತು. ಜೀನ್ಸ್ ಗಲ್ಲಿಯ ಅರವತ್ತನಾಲ್ಕು ಹೆಂಗಸರು ಪಾಳಿ ಹಾಕಿಕೊಂಡು ಬಂದರು. ಯಾರು ಸುಣ್ಣ ಹೆಚ್ಚು ಹಾಕುತ್ತಾರೆ, ಯಾರು ಬೆಲ್ಲ ಹೆಚ್ಚು ಹಾಕುತ್ತಾರೆ, ಯಾರು ಅರಿಶಿನ ಬೆರೆಸುತ್ತಾರೆ ಎಂಬ ಬಗ್ಗೆ ಕಾಯುವ ಬೆಂಚಿನ ಮೇಲೆ ಜಗಳವೇ ನಡೆಯಿತು. ಮನೆಗೊಂದು ಬಗೆ ಇದೆ ಎಂದು ಮೈಸೂರಿನವರಿಗೆ ತಿಳಿದದ್ದು ಹಾಗೆ. ಆ ಎಲ್ಲ ಬಗೆಗಳನ್ನೂ ಅವರು ಬರೆದುಕೊಂಡರು. ಪ್ರತಿ ಚಿತ್ರದ ಮೇಲೆ ಯಾವುದು ಹೊರಗಿನದು, ಯಾವುದು ಒಳಗಿನದು ಎಂದು ಗೆರೆ ಎಳೆದವಳು ರುದ್ರಾಂಬ. ಅವಳು ಎಳೆದ ಗೆರೆಯನ್ನೇ ಯಂತ್ರ ಸತ್ಯವೆಂದು ನಂಬಿ ಕಲಿಯಿತು. ವರ್ಷ ತಿರುಗುವ ಹೊತ್ತಿಗೆ ಕಣಿಕಾ ಮೈಮೇಲಿನ ಸುಣ್ಣವನ್ನು ನೀಲಿಯಲ್ಲೂ ಚರ್ಮದೊಳಗಿನದನ್ನು ಕೆಂಪಿನಲ್ಲೂ ಬೇರೆ ಬೇರೆ ತೋರಿಸಲು ಕಲಿತಿತ್ತು. ಕೇಳುವ ಪ್ರಶ್ನೆಯನ್ನೂ ಎಲ್ಲ ದೇಶಗಳಲ್ಲಿ ಬದಲಾಯಿಸಿದರು: ಕೈಗೆ ಏನೇನು ಹಚ್ಚುತ್ತೀರಿ, ಮನೆಯದೋ ಅಂಗಡಿಯದೋ, ಎಲ್ಲ ಹೇಳಿ.

ಮಾರ್ಚ್ ತಿಂಗಳ ಒಂದು ಬೆಳಗ್ಗೆ ದುರುಗಮ್ಮ ಅಳತೆಗೆ ಬಂದಾಗ ಅಂಕಿ ನೂರ ನಾಲ್ಕಕ್ಕೆ ಇಳಿದಿತ್ತು. ನೀಲಿ ಒಂದು ಚುಕ್ಕೆಯೂ ಇರಲಿಲ್ಲ. ಅವಳು ಬಳೆ ಏರಿಸಿಕೊಳ್ಳುತ್ತಿದ್ದಾಗ ರುದ್ರಾಂಬ ಮೈಸೂರಿನಿಂದ ಬಂದ ಸುದ್ದಿ ಹೇಳಿದಳು. ಬರ್ಮಾ ದೇಶದ ಒಂದು ಆಸ್ಪತ್ರೆಯಲ್ಲಿ, ಅಲ್ಲಿಯ ಒಬ್ಬ ಹೆಂಗಸಿನ ಕೈಯಲ್ಲಿ, ಕಣಿಕಾ ನೀಲಿ ತೋರಿಸಿದೆ. ಅವಳೂ ಬಾವಿಗೆ ಎಲೆಯ ಸುಣ್ಣವನ್ನೇ ಹಚ್ಚುತ್ತಿದ್ದಳಂತೆ. ತೊಳೆದು ನೋಡಿದರೆ ಮದ್ದು ಹಿಡಿದಿದೆ. ಹಳೆಯ ಯಂತ್ರವಾಗಿದ್ದರೆ ಅವಳನ್ನು ಇನ್ನೊಂದು ಅಳತೆಗೆ ಕೈಬಿಡುತ್ತಿದ್ದರು.

"ನಿಮ್ ಕೈ ನೋಡಿ ಕಲ್ತಿದ್ದಕ್ಕೆ ಆಯಮ್ಮನ ಮದ್ದು ಉಳೀತು ದುರುಗಮ್ಮ," ಎಂದಳು ರುದ್ರಾಂಬ.

ದುರುಗಮ್ಮ ಸ್ವಲ್ಪ ಹೊತ್ತು ತನ್ನ ಕೈಯನ್ನು ತಾನೇ ತಿರುವಿ ತಿರುವಿ ನೋಡಿಕೊಂಡಳು.

"ಆಯಮ್ಮ ಏನ್ ಕೆಲ್ಸ ಮಾಡ್ತಾಳಂತೆ?"

"ಅದು ಬರ್ದಿಲ್ಲ."

"ಕೇಳ್ರಿ ಮತ್ತೆ. ಇಂಜೆಕ್ಷನ್ ಶುರುವಾಗಿ ಎಷ್ಟನೇ ತಿಂಗ್ಳಂತೆ ಆಕಿಗೆ?"

"ಮೂರು ಮುಗ್ದು ನಾಕು."

ದುರುಗಮ್ಮ ಹೊರಡಲು ಎತ್ತಿದ್ದ ಚೀಲವನ್ನು ಕೆಳಗಿಟ್ಟು ಸ್ಟೂಲಿನ ಮೇಲೆ ಮತ್ತೆ ಕೂತಳು. ಗಲ್ಲಿಯ ಹೆಂಗಸರಿಗೆ ಹೊಲಿಗೆ ಹೇಳಿಕೊಡುವಾಗ ಬರುವ ದನಿ ಅವಳಿಗೆ ಬಂದಿತ್ತು.

"ಹಂಗಾದ್ರೆ ಬರೀರಿ ಅಮ್ಮ. ನಾಕನೇ ತಿಂಗ್ಳು ಬೆರಳು ಭಾಳ ಸಿಡೀತಾವೆ, ಐದಕ್ಕೆ ಇಳೀತಾವೆ. ಮದ್ದು ಬಿಟ್ಟು ಹೋಗಬ್ಯಾಡ ಅಂತ ಬರೀರಿ. ಬಳ್ಳಾರಿ ದುರುಗಮ್ಮ ಹೇಳ್ಯಾಳೆ ಅಂತ ಬರೀರಿ."

ರುದ್ರಾಂಬ ಪೆನ್ನು ತೆಗೆದುಕೊಂಡು, ಅವಳು ಹೇಳಿದ್ದನ್ನು ಒಂದಕ್ಷರವೂ ಬಿಡದೆ ಬರೆದಳು.